ಕ್ಯಾರಿಬ್ಯಾಗ್ ಇಡಲು ಒಂದು ಬಟ್ಟೆಯ ಚೀಲ



ಸಭೆಗೆಂದು ನಿಮ್ಮ ಮನೆಗಳಿಗೆ ಬಂದಾಗಲೆಲ್ಲ ನಾನು ಕಾಣುವ ಒಂದು ಸಂಗತಿಯಿದೆ. ಗಾದಿ ಎತ್ತಿದರೆ ಕ್ಯಾರಿಬ್ಯಾಗ್, ಡಬ್ಬಿಗಳ ಸಂದಿಯಲ್ಲಿ ಕ್ಯಾರಿಬ್ಯಾಗ್, ಬಾಗಿಲ ಹಿಂದಿನ ಮೊಳೆಗೆ ಒಂದು ಕ್ಯಾರಿಬ್ಯಾಗಿನೊಳಗೆ ತುರುಕಿದ ಇಪ್ಪತ್ತು ಕ್ಯಾರಿಬ್ಯಾಗ್. ಕೇಳಿದರೆ, “ಮುಂದ ಬೇಕಾಗ್ತಾವ್ರೀ ಸಿಸ್ಟರ್, ಒಗಿಯಾಕ ಮನಸ್ಸು ಬರೂದಿಲ್ಲ” ಅನ್ನುತ್ತೀರಿ. ಮನಸ್ಸು ಒಳ್ಳೆಯದೇ. ಆದರೆ ಸಂತೆಗೆ ಹೊರಟಾಗ ಒಂದೂ ಕೈಗೆ ಸಿಗುವುದಿಲ್ಲ. ದುರ್ಗದ ಬೈಲಿನಲ್ಲಿ ಕಾಯಿಪಲ್ಲೆಯವರ ಹತ್ತಿರ ಮತ್ತೆ ಹೊಸದನ್ನೇ ಇಸಕೊಳ್ಳುತ್ತೇವೆ. ಹಳೆಯವು ಕೊನೆಗೆ ಗಟಾರಕ್ಕೆ ಹೋಗುತ್ತವೆ, ಇಲ್ಲವೇ ನೀರೊಲೆಗೆ.

ಗಟಾರಕ್ಕೆ ಹೋದರೆ ಮಳೆಗಾಲದಲ್ಲಿ ನೀರು ಕಟ್ಟಿ ಮನೆಯೊಳಗೇ ಬರುತ್ತದೆ, ಅದು ನಿಮಗೆ ಗೊತ್ತು. ಮುಸುರಿ ಹಾಕಿ ಎಸೆದರೆ ದನ ಚೀಲ ಸಮೇತ ನುಂಗುತ್ತದೆ. ಅದು ಕರಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ನನಗೆ ಹೆಚ್ಚು ಚಿಂತೆಯಾಗುವುದು ನೀರೊಲೆಯದು. ಕಟ್ಟಿಗೆ ಬೇಗ ಹತ್ತಲಿ ಎಂದು ಪ್ಲಾಸ್ಟಿಕ್ ಹಾಕಿ ಹೊತ್ತಿಸುತ್ತೀರಿ. ಆ ಹೊಗೆ ವಿಷ. ಬೆಳಿಗ್ಗೆ ಒಲೆಯ ಮುಂದೆ ಕೂತವರು, ಪಕ್ಕದಲ್ಲಿ ಆಡುವ ಕೂಸುಗಳು ಅದನ್ನೇ ಉಸಿರಾಡಬೇಕು. ದಯವಿಟ್ಟು ಅದೊಂದನ್ನು ಇವತ್ತೇ ಬಿಡಿ.

ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2016ರ ಮಾರ್ಚ್‌ನಿಂದಲೇ ನಿಷೇಧವಾಗಿದೆ. ಆದರೂ ಮನೆಗೆ ಬಂದು ಸೇರಿದ್ದನ್ನು ಏನಾದರೂ ಮಾಡಲೇಬೇಕಲ್ಲ? ಎರಡೂ ಕಡೆ ಬಾಯಿ ಇರುವ, ಕೊಳವೆಯಂಥ ಒಂದು ಬಟ್ಟೆಯ ಚೀಲ ಹೊಲಿದು ಮೊಳೆಗೆ ತೂಗುಹಾಕಿ. ಮೇಲಿನಿಂದ ತುಂಬುವುದು, ಕೆಳಗಿನಿಂದ ಒಂದೊಂದೇ ಎಳೆದುಕೊಳ್ಳುವುದು. ಮೊದಲು ಹಾಕಿದ್ದು ಮೊದಲು ಹೊರಗೆ ಬರುತ್ತದೆ.

ಹಳೆಯ ಬೆಡ್‌ಶೀಟೋ ಕಾಟನ್ ಸೀರೆಯೋ ಇದ್ದರೆ ಸಾಕು, ಜೀರ್ಣವಾಗಿರಬಾರದು ಅಷ್ಟೇ. 20 ಇಂಚು ಉದ್ದ, 18 ಇಂಚು ಅಗಲದ ತುಂಡು ಕತ್ತರಿಸಿಕೊಳ್ಳಿ. 18 ಇಂಚಿನ ಎರಡು ಅಂಚುಗಳು ಚೀಲದ ಮೇಲಿನ ಮತ್ತು ಕೆಳಗಿನ ಬಾಯಿ ಆಗುತ್ತವೆ. ಅವನ್ನು ಒಳಮಗ್ಗುಲಿಗೆ ಮೊದಲು ಕಾಲು ಇಂಚು ಮಡಚಿ, ಮತ್ತೆ ಮುಕ್ಕಾಲು ಇಂಚು ಮಡಚಿ ಹೊಲಿಯಿರಿ. ಲಂಗಕ್ಕೆ ಲಾಡಿ ಹಾಕಲು ಬಿಡುತ್ತೀರಲ್ಲ, ಹಾಗೆಯೇ. ಅರ್ಧ ಇಂಚು ಅಗಲದ ಇಲಾಸ್ಟಿಕ್ ತಗೊಂಡು ಮೇಲಿನ ಬಾಯಿಗೆ 9 ಇಂಚು, ಕೆಳಗಿನದಕ್ಕೆ 6 ಇಂಚು ಕತ್ತರಿಸಿ. ಪಿನ್ನಿಗೆ ಸಿಕ್ಕಿಸಿ ಮಡಿಕೆಯೊಳಗೆ ದಾಟಿಸಿ. ಹೀಗೆ ದಾಟಿಸುವಾಗ ಇನ್ನೊಂದು ತುದಿ ಒಳಗೆ ಜಾರಿಹೋಗುತ್ತದೆ, ಆಮೇಲೆ ಹುಡುಕುವುದೇ ಕೆಲಸ! ಆದ್ದರಿಂದ ಮೊದಲೇ ಆ ತುದಿಗೆ ಒಂದು ಹೊಲಿಗೆ ಹಾಕಿ. ಎರಡೂ ತುದಿ ಭದ್ರವಾದ ಮೇಲೆ ಬಟ್ಟೆಯ ಹೊರಮಗ್ಗುಲು ಒಳಗೆ ಬರುವಂತೆ ಉದ್ದಕ್ಕೆ ಮಡಚಿ ಪಕ್ಕದ ಹೊಲಿಗೆ ಹಾಕಿ. ಇಲಾಸ್ಟಿಕ್ ಇರುವ ಕಡೆ ಮೂರು ಸಲ ಹಿಂದೆ-ಮುಂದೆ ಹೊಲಿಯಬೇಕು, ಹರಿಯುವುದು ಯಾವಾಗಲೂ ಅಲ್ಲೇ. ತಿರುವಿ ಹಾಕಿ, ಹಿಡಿಕೆಗೆ ಒಂದು ಪಟ್ಟಿ ಹಚ್ಚಿ. ಹಳೆಯ ಇಳಕಲ್ ಸೀರೆಯ ಅಂಚು ಉಳಿದಿದ್ದರೆ ಚಂದ ಕಾಣುತ್ತದೆ. ಹಿಡಿಕೆಯ ಹೊಲಿಗೆ ಇಲಾಸ್ಟಿಕ್ ಮೇಲೆ ಬೇಡ, ಅದರ ಕೆಳಗೆ ಬರಲಿ.

ಮಷಿನ್ ಇಲ್ಲದವರು ಕೈಯಲ್ಲೇ ಹೊಲಿಯಬಹುದು. ಕೌದಿ ಹೊಲಿದ ಕೈಗೆ ಇದೇನು ಭಾರ? ಆದರೆ ಕೌದಿಯಂತೆ ಬರೀ ಮುಂದೆ ಓಡಿಸಿದರೆ ಪಕ್ಕದ ಹೊಲಿಗೆ ನಿಲ್ಲುವುದಿಲ್ಲ, ಪ್ರತಿ ಸಲ ಸೂಜಿಯನ್ನು ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಇನ್ನೂ ಸುಲಭ ಬೇಕೆಂದರೆ ಹಳೆಯ ಚೂಡಿದಾರ ಪ್ಯಾಂಟಿನ ಒಂದು ಕಾಲು ಕತ್ತರಿಸಿಕೊಳ್ಳಿ. ಕೊಳವೆ ತಯಾರೇ ಇದೆ, ಕೆಳಗೆ ಬಾಯಿಯೂ ಸಣ್ಣದಿದೆ. ಮೇಲೆ ಮಾತ್ರ ಮಡಚಿ ಲಾಡಿ ಹಾಕಿದರೆ ಮುಗಿಯಿತು.

ಮೀನು, ಕೋಳಿ ತಂದ ಚೀಲಗಳನ್ನು ತೊಳೆದು ಒಣಗಿಸದೆ ಇದರಲ್ಲಿ ತುರುಕಬೇಡಿ, ವಾಸನೆಗೆ ಜಿರಳೆ ಬರುತ್ತವೆ. ಒಲೆಯ ಹತ್ತಿರ ತೂಗುಹಾಕಬೇಡಿ. ಸಣ್ಣ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ. ಆಟಕ್ಕೆಂದು ಮುಖಕ್ಕೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಮತ್ತೆ ಈ ಚೀಲ ತುಂಬಿತೆಂದರೆ ಇನ್ನೊಂದು ಹೊಲಿಯುವುದಲ್ಲ! ಇನ್ನು ಹೊಸ ಕ್ಯಾರಿಬ್ಯಾಗ್ ಇಸಕೊಳ್ಳುವುದು ನಿಲ್ಲಿಸಬೇಕು ಅಂತ ಅರ್ಥ. ಹರಿದವನ್ನು ಒಣ ಕಸದ ಜೊತೆ ಪಾಲಿಕೆಯ ಗಾಡಿಗೆ ಕೊಡಿ.

“ಇದನ್ನ ಮಾಡಿ ಮಾರಬಹುದೇನ್ರೀ?” ಎಂದು ಹಲವರು ಕೇಳುತ್ತೀರಿ. ನೇರವಾಗಿ ಹೇಳುತ್ತೇನೆ, ಇದಕ್ಕೆಂದು ಸಂಘದಿಂದ ಸಾಲ ತೆಗೆಯಬೇಡಿ. ನಿಷೇಧವಾದ ವಸ್ತುವನ್ನು ಇಡುವ ಚೀಲಕ್ಕೆ ಎಷ್ಟು ದಿನ ಗಿರಾಕಿ ಇರುತ್ತಾರೆ? ನಾಲ್ಕು ಮಂದಿ ಪರಿಚಯದವರು ಕೊಂಡಾರು, ಅಲ್ಲಿಗೆ ಮುಗಿಯುತ್ತದೆ. ಆದರೆ ಇದರಲ್ಲಿ ಕೈ ಪಳಗಿದರೆ ಲಂಗ, ಮಕ್ಕಳ ಚಡ್ಡಿ, ಸಂತೆಯ ಬಟ್ಟೆ ಚೀಲ ಹೊಲಿಯಲು ಬರುತ್ತದೆ. ಅವಕ್ಕೆ ಬೇಡಿಕೆ ಇದ್ದೇ ಇದೆ. ಅದನ್ನು ಶುರುಮಾಡುವ ಮುಂಚೆಯೂ ಬಟ್ಟೆ, ದಾರದ ಖರ್ಚಿನ ಜೊತೆಗೆ ನೀವು ಕೂತ ತಾಸುಗಳನ್ನೂ ಬರೆದಿಡಿ. ನಮ್ಮ ಹೆಣ್ಣುಮಕ್ಕಳು ಲೆಕ್ಕದಲ್ಲಿ ಬಿಡುವುದು ತಮ್ಮ ಕೂಲಿಯನ್ನೇ.

ಮುಂದಿನ ಸಭೆಗೆ ಬರುವಾಗ ಹಳೆಯ ಬಟ್ಟೆ, ಕತ್ತರಿ, ಸೂಜಿ-ದಾರ ತನ್ನಿ. ಇಲಾಸ್ಟಿಕ್ ಇಬ್ಬರಿಗೆ ಒಂದು ಮೀಟರ್ ಸಾಕು, ಕೂಡಿ ತಗೊಳ್ಳಿ.