1597ರ ಆಚೆಗೆ: ಮೈಸೂರು ಮಿಷನ್ನಿನ ಪತ್ರಗಳು ಮತ್ತು ಸಂಶೋಧನೆಯ ಧನಮೂಲ

ತಮ್ಮ ಪರಂಪರೆಯ ಅಧ್ಯಯನಕ್ಕೆ ತಾವೇ ಹಣ ತೊಡಗಿಸಿದ ಕ್ಯಾಥೊಲಿಕ್ ಸಂನ್ಯಾಸಿ ಸಮುದಾಯಗಳಲ್ಲಿ ಯೇಸುಸಭೆಯದು ಎದ್ದು ಕಾಣುವ ಹೆಸರು. ಅದರ ಆಕರಗ್ರಂಥಮಾಲೆ 1894ರಲ್ಲಿ ಮ್ಯಾಡ್ರಿಡ್‌ನಲ್ಲಿ ಆರಂಭವಾಗಿ ಮುಂದೆ ರೋಮಿಗೆ ಸ್ಥಳಾಂತರಗೊಂಡಿತು. ಭಾರತದ ಪತ್ರವ್ಯವಹಾರವನ್ನು ಆ ಮಾಲೆಗಾಗಿ ಯೋಸೆಫ್ ವಿಕಿ ಅವರು ‘ಡಾಕ್ಯುಮೆಂಟಾ ಇಂಡಿಕಾ’ ಎಂಬ ಹೆಸರಿನಲ್ಲಿ 1948ರಿಂದ 1988ರವರೆಗೆ 18 ಸಂಪುಟಗಳಾಗಿ ಸಂಪಾದಿಸಿದರು. ಮೂರು ವರ್ಷದ ಯಾವ ವಿಶ್ವವಿದ್ಯಾಲಯ ಯೋಜನೆಗೂ ಇದು ಎಟುಕುವ ಕೆಲಸವಲ್ಲ. ಒಬ್ಬ ವಿದ್ವಾಂಸನ ಜೀವಮಾನವನ್ನೇ ಪೋಷಿಸಬಲ್ಲ ಸಂಸ್ಥೆ ಅದರ ಹಿಂದಿರಬೇಕು.

ಆದರೆ ಈ ಸಂಪುಟಗಳು 1597ಕ್ಕೆ ನಿಲ್ಲುತ್ತವೆ. ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದ್ದು ಹದಿನೇಳನೆಯ ಶತಮಾನದ ನಡುಭಾಗದಲ್ಲಿ. ಹಾಗಾಗಿ ಅವರೂ ಅವರ ಉತ್ತರಾಧಿಕಾರಿಗಳೂ ಬರೆದ ಪೋರ್ಚುಗೀಸ್, ಇಟಾಲಿಯನ್, ಲ್ಯಾಟಿನ್ ಪತ್ರಗಳು ಈ ಮಾಲೆಯ ಹೊರಗೇ ಉಳಿದವು. ಸಾಮಾನ್ಯ ಸಂಶೋಧಕನಿಗೆ ಸುಲಭವಾಗಿ ದಕ್ಕುವುದು ಡಿ. ಫೆರೋಲಿ ಅವರ 1955ರ ‘ದಿ ಜೆಸ್ವಿಟ್ಸ್ ಇನ್ ಮೈಸೂರ್’. ಅಂದರೆ ಮೂಲವಲ್ಲ, ಇಂಗ್ಲಿಷಿನ ಕಥನ.

ಇದರಿಂದ ಗಡಿನಾಡಿನ ಅಧ್ಯಯನಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ಮಧುರೆ ಮಿಷನ್ನು ಸಭೆಯ ಮಲಬಾರ್ ಪ್ರಾಂತಕ್ಕೆ ಸೇರಿತ್ತು, ಮೈಸೂರು ಮಿಷನ್ನು ಗೋವಾ ಪ್ರಾಂತಕ್ಕೆ. ಇಂದಿನ ತಾಳವಾಡಿಯ ನೆರೆಯ ಸತ್ಯಮಂಗಲ ಸೀಮೆ ಇವೆರಡರ ಅಂಚಿನಲ್ಲಿತ್ತು. ಸಭೆಯ ಚರಿತ್ರೆಯನ್ನು ಬರೆಯುವವರು ಪತ್ರದಲ್ಲಿ ಪಾದ್ರಿಯನ್ನು ಹುಡುಕುತ್ತಾರೆ. ಪಾದ್ರಿ ಜನರೊಡನೆ ಯಾವ ನುಡಿಯಲ್ಲಿ ವ್ಯವಹರಿಸಿದರು, ಊರಿನ ಹೆಸರನ್ನು ಹೇಗೆ ಕೇಳಿಸಿಕೊಂಡು ಹೇಗೆ ಬರೆದರು ಎಂಬುದು ನಮ್ಮ ಪ್ರಶ್ನೆ. ಪೋರ್ಚುಗೀಸ್ ಕಾಗುಣಿತದಲ್ಲಿ ಹುದುಗಿದ ಕನ್ನಡದ ಊರನ್ನು ಪೋರ್ಚುಗೀಸ್ ಮಾತ್ರ ಬಲ್ಲವರು ಗುರುತಿಸಲಾರರು. ಕನ್ನಡ ಮಾತ್ರ ಬಲ್ಲವರಿಗೆ ಆ ಪುಟವೇ ತೆರೆಯದು.

ಇಂದು ಬೋಸ್ಟನ್ ಕಾಲೇಜಿನ ಉನ್ನತ ಜೆಸ್ವಿಟ್ ಅಧ್ಯಯನ ಸಂಸ್ಥೆಯಂಥ ಕೇಂದ್ರಗಳು ಫೆಲೋಶಿಪ್ ನೀಡುತ್ತವೆ. 2014ರಲ್ಲಿ ಆರಂಭವಾದ ‘ಜರ್ನಲ್ ಆಫ್ ಜೆಸ್ವಿಟ್ ಸ್ಟಡೀಸ್’ ಎಲ್ಲರಿಗೂ ಮುಕ್ತವಾಗಿ ಲಭ್ಯವಿದೆ. ಇವು ನಿಜಕ್ಕೂ ಉಪಕಾರಿ. ಆದರೂ ಫೆಲೋಶಿಪ್ ಎಂಬುದು ಒಬ್ಬ ವ್ಯಕ್ತಿಯನ್ನು ಕೆಲವು ತಿಂಗಳು ಗ್ರಂಥಾಲಯದಲ್ಲಿ ಕೂರಿಸುವ ವ್ಯವಸ್ಥೆ. ಮೈಸೂರು ಪತ್ರಗಳಿಗೆ ಬೇಕಾದದ್ದು ಜೋಡಿ: ಹಳೆಯ ಪೋರ್ಚುಗೀಸ್ ಕೈಬರಹ ಓದುವವರೊಬ್ಬರು, ಗಡಿಯ ಕನ್ನಡ ಮತ್ತು ತಮಿಳು ಬಲ್ಲವರೊಬ್ಬರು. ಇಬ್ಬರಿಗೂ ಸಮಾನ ವೇತನ, ಸಂಪಾದಕತ್ವದಲ್ಲಿ ಸಮಾನ ಸ್ಥಾನ ಇರಬೇಕು. ಎರಡನೆಯವರನ್ನು ‘ಸ್ಥಳೀಯ ಸಹಾಯಕ’ರೆಂದು ಅಡಿಟಿಪ್ಪಣಿಗೆ ತಳ್ಳುವ ಪದ್ಧತಿ ಸಾಕು.

ಧಾರ್ಮಿಕ ಸಂಸ್ಥೆಯ ಹಣ ಪಡೆದರೆ ಸ್ವಾತಂತ್ರ್ಯ ಉಳಿಯುವುದೇ ಎಂಬ ಆಕ್ಷೇಪ ನ್ಯಾಯವಾದುದೇ. (ಸರ್ಕಾರದ ಅನುದಾನದಲ್ಲಿ ಬದುಕುವ ನಾವು ಇಲ್ಲಿ ತೀರಾ ಮಡಿವಂತರಾಗಬೇಕಿಲ್ಲ.) ಹಣ ಯಾರದೆಂಬುದಕ್ಕಿಂತ ಕರಾರಿನಲ್ಲಿ ಏನಿದೆ ಎಂಬುದನ್ನು ನೋಡಬೇಕು. ಪ್ರಕಟಣೆಗೆ ಮುನ್ನ ದಾನಿಯ ಒಪ್ಪಿಗೆ ಬೇಕಿಲ್ಲವೆಂದೂ ಓದಿ ನಕಲಿಸಿದ ಪಠ್ಯ ಮುಕ್ತವಾಗಿ ಲಭ್ಯವಾಗಬೇಕೆಂದೂ ಬರವಣಿಗೆಯಲ್ಲೇ ಇರಲಿ. ಮೊದಲಿಗೆ ಸತ್ಯಮಂಗಲವನ್ನು ಹೆಸರಿಸುವ ವಾರ್ಷಿಕ ಪತ್ರಗಳನ್ನಷ್ಟೇ ತೆಗೆದುಕೊಂಡು ಅವುಗಳ ಸ್ಥಳನಾಮಸೂಚಿ ಸಿದ್ಧಪಡಿಸಬಹುದು. ಅದಕ್ಕೆ ದೊಡ್ಡ ಮೊತ್ತವೇನೂ ಬೇಕಾಗದು.