ಬಿಯರಿನ ಹೆಪ್ಪು

ಮೊಸರಿನ ಹೆಪ್ಪನ್ನು ದಿನವೂ ಅಂಗಡಿಯಿಂದ ಕೊಂಡು ತರುವ ಮನೆಯನ್ನು ನಾನು ಕಂಡಿಲ್ಲ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಸಾಕು. ಅದೂ ತೀರಿದರೆ ನೆರೆಮನೆಯಿದೆ. ಆದುದರಿಂದ, ಮನೆಯಲ್ಲೇ ಬಿಯರ್ ತಯಾರಿಸುವ ಪಾಶ್ಚಾತ್ಯ ಹವ್ಯಾಸಿಗಳಲ್ಲಿ ಅನೇಕರು ಅದರ ಹೆಪ್ಪಾದ ಯೀಸ್ಟನ್ನು ಪ್ರತಿ ಸಲವೂ ಹಣ ತೆತ್ತು ಕೊಳ್ಳುತ್ತಾರೆಂದು ತಿಳಿದಾಗ ನನಗೆ ಸೋಜಿಗವೆನಿಸಿತು. ನಮ್ಮಲ್ಲಿ ಪರವಾನಗಿಯಿಲ್ಲದೆ ಇಂಥ ತಯಾರಿಕೆಗೆ ಅಬಕಾರಿ ಕಾಯಿದೆಯ ತಡೆಯುಂಟು. ಬ್ರಿಟನ್ನಿನಲ್ಲಿ 1963ರಲ್ಲಿ ಪರವಾನಗಿಯ ನಿಯಮ ರದ್ದಾಯಿತು. ಅಮೆರಿಕದ ಒಕ್ಕೂಟ ಸರಕಾರ 1978ರಲ್ಲಿ ಇದಕ್ಕೆ ಅನುಮತಿ ನೀಡುವ ಕಾನೂನು ಮಾಡಿತು. ಅಲ್ಲಿ ಇದೊಂದು ಗೃಹಕಲೆ. ಅದರಲ್ಲಿ ಯೀಸ್ಟಿನ ಖರ್ಚನ್ನು ಉಳಿಸುವ ಬಗೆ ಹೇಗೆಂಬುದನ್ನು ನೋಡೋಣ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಬಸಿದ ಸಿಹಿರಸವನ್ನು ಹಾಪ್ಸ್ ಹೂವಿನೊಡನೆ ಕುದಿಸಿ ಆರಿಸುತ್ತಾರೆ. ಅನಂತರ ಯೀಸ್ಟ್ ಬೆರೆಸಿದರೆ, ಕಣ್ಣಿಗೆ ಕಾಣದ ಆ ಜೀವಕಣಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಮಾಲ್ಟ್ ಹಾಗೂ ಹಾಪ್ಸ್ ಬಳಸಿದರೆ ಮುಗಿದುಹೋಗುವ ಪದಾರ್ಥಗಳು. ಯೀಸ್ಟಾದರೋ ಬಳಸಿದಷ್ಟೂ ಬೆಳೆಯುವಂಥದು. ಒಂದು ಹುದುಗಿನಲ್ಲಿ ಅದು ಮೂರು ನಾಲ್ಕು ಪಟ್ಟಾಗುತ್ತದೆ.

ಹಿಂದಿನವರು ಇದನ್ನು ಬಲ್ಲವರೇ. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ 15ನೆಯ ಶತಮಾನದ ದಾಖಲೆಯೊಂದು ಯೀಸ್ಟನ್ನು ‘ದೇವರ ಒಳ್ಳೆಯತನ’ ಎಂಬರ್ಥದ ಹೆಸರಿನಿಂದ ಕರೆಯುತ್ತದೆ. ಅದು ದೈವಕೃಪೆಯಿಂದ ಬಂದುದಾದ್ದರಿಂದ ಕೇಳಿದವರಿಗೆ ಇಲ್ಲವೆನ್ನಬಾರದೆಂದು ವಿಧಿಸುತ್ತದೆ. ನಾರ್ವೆಯ ರೈತರು ಕೆತ್ತಿದ ಮರದ ಬಳೆಗಳನ್ನು ಹುದುಗಿದ ಯೀಸ್ಟಿನಲ್ಲಿ ಅದ್ದಿ, ಒಣಗಿಸಿ, ತೂಗುಹಾಕುತ್ತಿದ್ದರು. ಮುಂದಿನ ಹಬ್ಬಕ್ಕೆ ಅದೇ ಬಳೆ ಹೆಪ್ಪು. ‘ಕ್ವೈಕ್’ ಎಂಬ ಆ ತಳಿಗಳು ತಲೆಮಾರುಗಳನ್ನು ದಾಟಿ ಇಂದಿಗೂ ಉಳಿದಿವೆ.

ಹಾಗಾದರೆ ಇಂದು ಪೊಟ್ಟಣಕ್ಕೆ ಬೆಲೆ ಏಕೆ? ಬಿಯರ್ ಕೆಡುವುದಕ್ಕೆ ಅನ್ಯ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರ ತನ್ನ ಗ್ರಂಥದಲ್ಲಿ ವಿವರಿಸಿದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕಣದಿಂದ ಶುದ್ಧ ತಳಿಯನ್ನು ಬೆಳೆಸಿದ. ಆ ಸಂಸ್ಥೆ ಅದನ್ನು ಇತರ ತಯಾರಕರಿಗೂ ಧರ್ಮಾರ್ಥವಾಗಿ ಹಂಚಿತೆಂಬುದು ಸ್ಮರಣೀಯ. ಪೊಟ್ಟಣಕ್ಕೆ ನಾವು ತೆರುವ ಹಣ ಯೀಸ್ಟಿನ ತೂಕಕ್ಕಲ್ಲ, ಅದರ ಶುದ್ಧಿಗೆ. ಆ ಶುದ್ಧಿಯನ್ನು ಕಾಪಾಡಬಲ್ಲವನು ಮಾತ್ರ ಹಣವನ್ನು ಉಳಿಸಬಲ್ಲ.

ಇದಕ್ಕೆ ಎರಡು ಸರಳ ದಾರಿಗಳುಂಟು. ಮೊದಲನೆಯದು, ಬಿಯರನ್ನು ಬೇರ್ಪಡಿಸಿದ ಮೇಲೆ ಪಾತ್ರೆಯ ತಳದಲ್ಲಿ ನಿಲ್ಲುವ ಕೆನೆಬಣ್ಣದ ಗಸಿಯನ್ನು ಕುದಿನೀರಿನಲ್ಲಿ ಶುದ್ಧಿಮಾಡಿದ ಜಾಡಿಗೆ ತುಂಬಿ ಶೀತಕಪಾಟಿನಲ್ಲಿಡುವುದು. ಅನಿಲ ಹೊರಬೀಳಲು ಮುಚ್ಚಳ ಸಡಿಲವಾಗಿರಬೇಕು. ಎರಡು ವಾರಗಳೊಳಗೆ ಬಳಸಿದರೆ 20 ಲೀಟರಿನ ಮುಂದಿನ ತಯಾರಿಕೆಗೆ ಒಂದು ಲೋಟದಷ್ಟು ಗಸಿ ಸಾಕು, ಉಳಿದದ್ದು ಗೆಳೆಯರಿಗೆ. ಎರಡನೆಯದು, ಲೀಟರು ನೀರಿಗೆ 100 ಗ್ರಾಂ ಮಾಲ್ಟ್ ಸಾರದ ಪುಡಿ ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಕೊಂಡ ಯೀಸ್ಟನ್ನು ಮೊದಲೇ ಬೆಳೆಸಿಕೊಳ್ಳುವುದು. ಅದರ ಕಾಲುಭಾಗವನ್ನು ಮುಂದಿನ ಸಲಕ್ಕೆಂದು ಎತ್ತಿಟ್ಟರೆ, ಹಾಪ್ಸಿನ ಕಹಿಯಾಗಲಿ ಮದ್ಯಸಾರದ ಬಾಧೆಯಾಗಲಿ ತಾಗದ ತಾಯಿಹೆಪ್ಪು ಕೈಯಲ್ಲಿರುತ್ತದೆ. ಒಂದು ಪೊಟ್ಟಣ ಐದು ಸಲಕ್ಕೆ ಬಂದರೆ ಯೀಸ್ಟಿನ ವೆಚ್ಚ ಸುಮಾರು ಐದನೆಯ ಒಂದಂಶಕ್ಕೆ ಇಳಿಯಿತು. ದ್ರವರೂಪದ ಯೀಸ್ಟ್ ಒಣಪುಡಿಗಿಂತ ದುಬಾರಿ; ಉಳಿತಾಯವೂ ಅಲ್ಲಿಯೇ ಹೆಚ್ಚು.

ಆದರೆ ಮಿತಿಯಿದೆ. ಬಹಳ ತೀಕ್ಷ್ಣವಾದ ಬಿಯರಿನ ಗಸಿ ಬಳಲಿದ ಯೀಸ್ಟು. ಅದನ್ನು ಮತ್ತೆ ದುಡಿಸಬಾರದು. ಸೌಮ್ಯದಿಂದ ತೀಕ್ಷ್ಣಕ್ಕೆ, ತಿಳಿಬಣ್ಣದಿಂದ ಕಪ್ಪಿಗೆ ಸಾಗುವುದು ಕ್ರಮ. ಐದಾರು ಪೀಳಿಗೆಗಳಾದ ಮೇಲೆ ಹೊಸ ತಳಿಯನ್ನು ತರುವುದು ಕ್ಷೇಮ. ಜಾಡಿಯನ್ನು ತೆರೆದಾಗ ಹಿಟ್ಟಿನ, ರೊಟ್ಟಿಯ ವಾಸನೆ ಬಂದರೆ ಸರಿ. ಹುಳಿಯೋ ಕೊಳೆತ ನಾತವೋ ಮೂಗಿಗೆ ಬಡಿದರೆ ಚೆಲ್ಲಿಬಿಡಬೇಕು. ಹಾಗೆ ಚೆಲ್ಲಲು ಕೈ ಬಾರದವನು ಪೊಟ್ಟಣದ ಬೆಲೆಯನ್ನು ಉಳಿಸಿ, ಮಾಲ್ಟನ್ನೂ ಹಾಪ್ಸನ್ನೂ ಒಂದಿಡೀ ದಿನದ ದುಡಿಮೆಯನ್ನೂ ಮೋರಿಗೆ ಸುರಿಯುತ್ತಾನೆ. ಕೆಟ್ಟ ಹೆಪ್ಪಿನಿಂದ ಒಳ್ಳೆಯ ಹಾಲನ್ನು ಕಳೆದುಕೊಳ್ಳಬಾರದೆಂಬುದು ನಮ್ಮ ಅಡಿಗೆಮನೆಗಳಿಗೂ ತಿಳಿದ ಲೆಕ್ಕವೇ.