ಊದಿದರೂ ಉಳಿಯುವ ಗಾಳಿ

ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ಬೆಳಗ್ಗೆ ಪ್ರಾಣಾಯಾಮಕ್ಕೆ ಕೂತವರು ರೇಚಕದಲ್ಲಿ ಹೊಟ್ಟೆ ಬೆನ್ನಿಗೆ ಹತ್ತುವಷ್ಟು ಉಸಿರು ಬಿಡುತ್ತಾರೆ. ಆಗಲೂ ಆರೋಗ್ಯವಂತ ವಯಸ್ಕರ ಶ್ವಾಸಕೋಶದಲ್ಲಿ ಸುಮಾರು 1.2 ಲೀಟರ್ ಗಾಳಿ ಇದ್ದೇ ಇರುತ್ತದೆ. ಎಷ್ಟು ತಿಣುಕಿದರೂ ಅದು ಹೊರಬಾರದು. ಎದೆಗೂಡು ಒಂದು ಮಿತಿಗಿಂತ ಹೆಚ್ಚು ಕುಗ್ಗುವುದಿಲ್ಲ. ಸಣ್ಣ ಶ್ವಾಸನಾಳಗಳೂ ಅಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ.

ಪಕ್ಕದ ರಾಮಯ್ಯ ವೈದ್ಯಕೀಯ ಕಾಲೇಜಿನಂಥ ಕಡೆ ನಡೆಯುವ ‘ಊದೋ ಟೆಸ್ಟ್’, ಅಂದರೆ ಸ್ಪೈರೊಮೆಟ್ರಿ, ಅಳೆಯುವುದು ಬಂದುಹೋಗುವ ಗಾಳಿಯನ್ನು ಮಾತ್ರ. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ. “ಪೂರ್ತಿ ಎಳ್ಕೊಳ್ಳಿ, ಈಗ ಊದಿ, ಇನ್ನೂ, ಇನ್ನೂ, ನಿಲ್ಲಿಸ್ಬೇಡಿ!” ಈ ಕೂಗಾಟ ಸುಮ್ಮನೆ ಅಲ್ಲ. ಅರೆಮನಸ್ಸಿನಿಂದ ಊದಿದರೆ ಒಳ್ಳೆಯ ಶ್ವಾಸಕೋಶವೂ ರೋಗಿಷ್ಟವಾಗಿ ಕಾಣುತ್ತದೆ. ಹಾಗಾಗಿ ಕನಿಷ್ಠ ಮೂರು ಸಲ ಸರಿಯಾಗಿ ಊದಿಸಿ, ಉತ್ತಮವಾದ ಎರಡರ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳುತ್ತಾರೆ.

ಪೂರ್ತಿ ಎಳೆದು ಪೂರ್ತಿ ಬಿಟ್ಟ ಗಾಳಿಗೆ ‘ವೈಟಲ್ ಕೆಪ್ಯಾಸಿಟಿ’ ಎಂದು ಹೆಸರಿಟ್ಟವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್. ನೀರಿನಲ್ಲಿ ಮಗುಚಿಟ್ಟ ಪಾತ್ರೆಗೆ 2,000ಕ್ಕೂ ಹೆಚ್ಚು ಜನರಿಂದ ಊದಿಸಿ, ಎತ್ತರ ಹೆಚ್ಚಿದಂತೆ ಈ ಪ್ರಮಾಣವೂ ಹೆಚ್ಚುತ್ತದೆ ಎಂದು 1846ರಲ್ಲಿ ತೋರಿಸಿದ. ಗಂಡಸರಲ್ಲಿ ಇದು ಸರಾಸರಿ ನಾಲ್ಕೂವರೆ ಲೀಟರಿನ ಆಸುಪಾಸು. ಸುಮ್ಮನೆ ಕೂತಾಗಿನ ಒಂದು ಉಸಿರು ಬರೀ ಅರ್ಧ ಲೀಟರ್. ವೈದ್ಯರ ಕಣ್ಣು ಹೆಚ್ಚಾಗಿ ಮೊದಲ ಒಂದು ಸೆಕೆಂಡಿನ ಮೇಲೆ. ನಾಳ ಅಗಲಿಸುವ ಔಷಧಿ ಕೊಟ್ಟ ಮೇಲೂ ಒಟ್ಟು ಊದಿದ್ದರ 70 ಶೇಕಡ ಆ ಸೆಕೆಂಡಿನಲ್ಲಿ ಬರದಿದ್ದರೆ, ಬೀಡಿ ಸೇದುವವರಲ್ಲೂ ಸೌದೆ ಒಲೆಯ ಹೊಗೆ ಕುಡಿದವರಲ್ಲೂ ಕಾಣುವ, ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ ಸಿ.ಒ.ಪಿ.ಡಿ.ಯ ಶಂಕೆ.

ಹೊರಗೇ ಬಾರದ ಗಾಳಿಯನ್ನು ಅಳೆಯುವುದು ಹೇಗೆ? ರಕ್ತದಲ್ಲಿ ಹೆಚ್ಚುಕಡಿಮೆ ಕರಗದ ಹೀಲಿಯಂ ಇಲ್ಲಿ ನೆರವಿಗೆ ಬರುತ್ತದೆ. ಆರು ಲೀಟರಿನ ಉಪಕರಣದಲ್ಲಿ 10 ಶೇಕಡ ಹೀಲಿಯಂ ಇದೆ ಎನ್ನಿ. ಸಹಜವಾಗಿ ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ ಜೋಡಿಸಿ, ಕೆಲಹೊತ್ತು ಅದರಲ್ಲೇ ಉಸಿರಾಡಿದಾಗ ಹೀಲಿಯಂ ಪಾಲು 7.5ಕ್ಕೆ ಇಳಿದರೆ, ಅಷ್ಟೇ ಹೀಲಿಯಂ ಈಗ ಎಂಟು ಲೀಟರಿನಲ್ಲಿ ಹರಡಿದೆ ಎಂದಾಯಿತು. ಹೆಚ್ಚಿನ ಎರಡು ಲೀಟರ್ ಶ್ವಾಸಕೋಶದ್ದು. ಅದರಲ್ಲಿ ಬಲವಂತವಾಗಿ ಇನ್ನೂ ಊದಬಹುದಾದಷ್ಟನ್ನು ಕಳೆದರೆ ಸಿಗುವುದೇ ಆ ಶೇಷ ಗಾಳಿ.

ಆದರೆ ಸಿ.ಒ.ಪಿ.ಡಿ.ಯಲ್ಲಿ ಮುಚ್ಚಿದ ನಾಳಗಳ ಹಿಂದೆ ಸಿಕ್ಕಿಬಿದ್ದ ಗಾಳಿಯವರೆಗೆ ಹೀಲಿಯಂ ಸರಿಯಾಗಿ ತಲುಪುವುದಿಲ್ಲ. ಅಂಥವರನ್ನು ಗಾಳಿಯಾಡದ ಗಾಜಿನ ಕೋಣೆಯಲ್ಲಿ ಕೂರಿಸಿ, ಬಾಯಿಯ ಕೊಳವೆ ಮುಚ್ಚಿ, ಉಸಿರಾಡಲು ಯತ್ನಿಸುವಂತೆ ಹೇಳುತ್ತಾರೆ. ಬಾಯಿಯ ಮತ್ತು ಕೋಣೆಯ ಒತ್ತಡದ ಏರಿಳಿತದಿಂದ, ಶಾಲೆಯಲ್ಲಿ ಓದಿದ ಬಾಯ್ಲ್ ನಿಯಮದಂತೆ, ಎದೆಯೊಳಗಿನ ಗಾಳಿಯನ್ನೆಲ್ಲ ಲೆಕ್ಕ ಹಾಕಬಹುದು. ಹೀಲಿಯಂ ಕೊಟ್ಟ ಲೆಕ್ಕಕ್ಕಿಂತ ಇದು ಎಷ್ಟು ಹೆಚ್ಚೋ, ಸುಮಾರು ಅಷ್ಟು ಗಾಳಿ ಒಳಗೆ ಸಿಕ್ಕಿಕೊಂಡಿದೆ.